ಕಪಾಟಿನ ತೋಟಕ್ಕೆ ಮರ ಆಗುತ್ತಾ?

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಮರದ್ದೇ ಸುದ್ದಿ. ಮನೆಯೊಳಗೆ ಲೈಟು ಹಾಕಿ ಗಿಡ ಬೆಳೆಸುವವರು ಇಷ್ಟೊಂದು ಜನ ಗರಗಸವನ್ನೂ ಹಿಡಿಯುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಹಾಗಾಗಿ ಇಡೀ ಅಂಕಣ ಮರಕ್ಕೇ ಬಿಟ್ಟಿದ್ದೇನೆ. ಮೊದಲ ಉತ್ತರ ಉದ್ದ ಆಯಿತು, ಬೇಸರ ಮಾಡ್ಕೋಬೇಡಿ. ಉಳಿದವಕ್ಕೆಲ್ಲ ಅದೇ ಬುಡ.

ಪ್ರಶ್ನೆ: ಮೇಡಂ, ಕೋಣೆಯ ಮೂಲೆಯಲ್ಲಿ ಎರಡೂವರೆ ಅಡಿ ಅಗಲ, ಆರಡಿ ಎತ್ತರದ ಗಿಡದ ಕಪಾಟು ಮಾಡಬೇಕು ಅಂದುಕೊಂಡಿದ್ದೇನೆ. ಮೂರು ಅಂತಸ್ತು, ಪ್ರತಿ ಅಂತಸ್ತಿಗೂ ಎಲ್‌ಇಡಿ ಲೈಟು, ಒಳಗೆಲ್ಲ ಹೊಳೆಯುವ ಹಾಳೆ, ಒಂದು ಸಣ್ಣ ಫ್ಯಾನು. ಸೊಪ್ಪು ಮತ್ತು ಸಸಿಗಳಿಗಾಗಿ. ನನ್ನ ಹತ್ತಿರ ಮರದ ಪಟ್ಟಿಗಳಿವೆ. ಆದರೆ ಗೆಳೆಯನೊಬ್ಬ, "ಮರ ಅಂದ್ರೆ ಬೂಷ್ಟು, ಹುಳ, ಬೆಂಕಿ. ಕಬ್ಬಿಣ ಹಾಕು, ಇಲ್ಲ ಪ್ಲಾಸ್ಟಿಕ್ ಹಾಕು" ಅನ್ನುತ್ತಿದ್ದಾನೆ. ಏನು ಮಾಡಲಿ?
— ಗರಗಸ ಹಿಡಿದು ಕಾಯುತ್ತಿರುವವನು

ಉತ್ತರ: ಮರವನ್ನೇ ಹಾಕಿ. ನಿಮ್ಮ ಗೆಳೆಯ ಹೇಳಿದ ಮೂರು ಭಯವೂ ಸುಳ್ಳಲ್ಲ. ಆದರೆ ತಪ್ಪು ಮರದ್ದಲ್ಲ. ನೀರು ಎಲ್ಲಿ ನಿಲ್ಲುತ್ತದೆ, ಆ ಮರಕ್ಕೆ ಮೊದಲೇ ಯಾರು ಏನು ಬಳಿದಿದ್ದಾರೆ, ಈ ಎರಡನ್ನು ನೋಡಿಕೊಂಡರೆ ಸಾಕು.

ನಾನು ಬಡಗಿಯ ಮಗಳು. ಹೊಸ ಹಲಗೆ ಬಂದರೆ ಅಪ್ಪ ಮೊದಲು ಅದರ ಮೈಮೇಲೆ ಒಂದು ಹನಿ ನೀರು ಬಿಡುತ್ತಿದ್ದರು, ಆಮೇಲೆ ಕೊಯ್ದ ತುದಿಗೆ ಒಂದು ಹನಿ. ಮೈಮೇಲಿನದು ಮಣಿಯ ಹಾಗೆ ಕೂತಿರುತ್ತಿತ್ತು. ತುದಿಯದ್ದು ನೋಡನೋಡುತ್ತಲೇ ಮಾಯ. "ಮರದ ಬಾಯಿ ತುದಿಯಲ್ಲಿ ಇರೋದು ಮಗಳೇ" ಅನ್ನುತ್ತಿದ್ದರು. ಬೇರಿನಿಂದ ಎಲೆಗೆ ನೀರು ಸಾಗಿಸಿದ ಸಣ್ಣ ಕೊಳವೆಗಳು ಉದ್ದಕ್ಕೇ ಇರುತ್ತವೆ. ಅಡ್ಡ ಕೊಯ್ದಾಗ ಅವೆಲ್ಲ ಬಾಯಿ ತೆರೆದುಕೊಳ್ಳುತ್ತವೆ. ಕಪಾಟಿನ ಕಾಲು ಕೊಳೆಯುವುದು ಯಾವಾಗಲೂ ನೆಲ ಮುಟ್ಟುವ ತುದಿಯಿಂದಲೇ, ಗಮನಿಸಿದ್ದೀರಾ? ಮೇಲಿನಿಂದ ಸೋರಿದ ನೀರು ಕೆಳಗೆ ನಿಲ್ಲುತ್ತದೆ, ಕಾಲು ಅದನ್ನು ಕುಡಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಮರ ತನ್ನ ಸುತ್ತಲಿನ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಗಾಳಿ ಒಣಗಿದರೆ ವಾಪಸ್ ಬಿಡುತ್ತದೆ. ಗಾಳಿಯ ತೇವ ಶೇ. 50 ಇದ್ದಾಗ ಮರದೊಳಗೆ ಸುಮಾರು ಶೇ. 9ರಷ್ಟು ನೀರು. ಗಾಳಿಯಲ್ಲಿ 65 ಆದರೆ ಮರದಲ್ಲಿ 12. ಗಾಳಿಯಲ್ಲಿ 80 ಆದರೆ ಮರದಲ್ಲಿ 16. ಗಾಳಿ 90ಕ್ಕೆ ಹೋದರೆ ಮರ 20ಕ್ಕೆ. ಮರವನ್ನು ತಿಂದು ಪುಡಿ ಮಾಡುವ ಶಿಲೀಂಧ್ರಕ್ಕೆ ಮರದ ತೇವ 20 ದಾಟಿ ಇನ್ನೂ ಮೇಲೆ ಹೋಗಬೇಕು. ಅದಕ್ಕಿಂತ ಕೆಳಗಿದ್ದರೆ ಕೊಳೆಯುವುದಿಲ್ಲ. ಈಜಿಪ್ಟಿನ ಹಳೆಯ ದೊರೆ ಟುಟಾಂಖಾಮುನ್‌ನ ಗೋರಿಯನ್ನು 1922ರಲ್ಲಿ ತೆರೆದಾಗ ಮೂರು ಸಾವಿರ ವರ್ಷ ಹಳೆಯ ಮರದ ಕುರ್ಚಿಗಳು ಸಿಕ್ಕವು. ಅವನ್ನು ಉಳಿಸಿದ್ದರಲ್ಲಿ ಮರುಭೂಮಿಯ ಒಣ ಹವೆಯ ಪಾಲು ದೊಡ್ಡದು.

ನೀವು ಬೆಳೆಸುವ ಸೊಪ್ಪಿಗೆ 50ರಿಂದ 70ರ ತೇವ ಸಾಕು. ಅಂದರೆ ಗಿಡಕ್ಕೆ ಹಿತವಾದ ಗಾಳಿ ಮರಕ್ಕೂ ಹಿತ. ಹಾಗಾದರೆ ಬೂಷ್ಟು ಎಲ್ಲಿಂದ ಬರುತ್ತದೆ? ರಾತ್ರಿಯಿಂದ. ಲೈಟು ಉರಿಯುತ್ತಿರುವಾಗ ಕಪಾಟಿನೊಳಗೆ 28 ಡಿಗ್ರಿ, ತೇವ 60 ಇದೆ ಅನ್ನಿ. ಲೈಟು ಆರಿತು, ಬಾಗಿಲು ಮುಚ್ಚಿದೆ, ಫ್ಯಾನನ್ನೂ ಅದೇ ಟೈಮರ್‌ಗೆ ಕಟ್ಟಿದ್ದೀರಿ, ಅದೂ ನಿಂತಿತು. ಒಳಗಿನ ಗಾಳಿ 20 ಡಿಗ್ರಿಗೆ ಇಳಿಯಿತು. ಒಂದು ಹನಿ ನೀರು ಹೊಸದಾಗಿ ಸೇರದಿದ್ದರೂ ಅದೇ ಗಾಳಿಯ ತೇವ ಈಗ 97ರ ಹತ್ತಿರ, ಯಾಕೆಂದರೆ ತಣ್ಣಗಿನ ಗಾಳಿಗೆ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಇನ್ನರ್ಧ ಡಿಗ್ರಿ ತಣ್ಣಗಾದರೆ ಗೋಡೆ ಬೆವರುತ್ತದೆ. ಬೆಳಗ್ಗೆ ನೀವು ಬಾಗಿಲು ತೆರೆಯುವ ಹೊತ್ತಿಗೆ ಲೈಟು ಬಂದು ಎಲ್ಲ ಒಣಗಿರುತ್ತದೆ, ಮೀಟರು 60 ತೋರಿಸುತ್ತಿರುತ್ತದೆ. "ನನ್ನ ಕಪಾಟು ಒಣಗೇ ಇದೆಯಲ್ಲ, ಮತ್ತ್ಯಾಕೆ ಬೂಷ್ಟು" ಅಂತ ತಲೆ ಕೆರೆದುಕೊಳ್ಳುತ್ತೀರಿ. ಫ್ಯಾನಿಗೆ ಟೈಮರ್ ಬೇಡ. ಅದು ರಾತ್ರಿಯಿಡೀ ತಿರುಗಲಿ. ಕನಿಷ್ಠ–ಗರಿಷ್ಠ ನೆನಪಿಟ್ಟುಕೊಳ್ಳುವ ತೇವದ ಮೀಟರ್ ತೆಗೆದುಕೊಳ್ಳಿ, ಹಗಲಿನ ಅಂಕಿಗಿಂತ ರಾತ್ರಿಯ ಗರಿಷ್ಠ ನೋಡಿ.

ಇನ್ನು ನನ್ನದೇ ಮಾನ ಕಳೆದುಕೊಳ್ಳುವ ಕಥೆ. ಬಡಗಿಯ ಮಗಳಾಗಿ ನಾನು ಕಟ್ಟಿದ ಮೊದಲ ಗಿಡದ ಕಪಾಟು ಒಂದು ಹಳೆಯ ಬಟ್ಟೆ ಬೀರು. ಪಾರ್ಟಿಕಲ್ ಬೋರ್ಡಿನದ್ದು, ಮೇಲೆ ಮರದ ಚಿತ್ರ ಅಂಟಿಸಿದ್ದು. ನೋಡಲು ಗಟ್ಟಿ. ಟ್ರೇಯಿಂದ ಸೋರಿದ ನೀರು ಸ್ಕ್ರೂ ತೂತಿನೊಳಗೆ ಇಳಿಯುತ್ತಿತ್ತು, ನನಗೆ ಕಾಣಲಿಲ್ಲ. ಎರಡನೇ ತಿಂಗಳಲ್ಲಿ ಹಲಗೆಯ ಅಂಚು ನೆನೆದ ಬ್ರೆಡ್ಡಿನ ಹಾಗೆ ಉಬ್ಬಿತು. ಒಣಗಿದರೆ ಸರಿ ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಒಂದು ರಾತ್ರಿ ಎರಡು ಗಂಟೆಗೆ ಧಡ್ ಅಂತ ಸದ್ದು. ಮೇಲಿನ ಅಂತಸ್ತು ನಡುವಿನದರ ಮೇಲೆ, ನಡುವಿನದು ಕೆಳಗಿನದರ ಮೇಲೆ. ಕೋಣೆ ತುಂಬ ಮಣ್ಣು. ಅಪ್ಪ ಬಂದು ಆ ಉಬ್ಬಿದ ಅಂಚನ್ನು ಬೆರಳಲ್ಲಿ ಚಿವುಟಿದರು. ಪುಡಿ ಉದುರಿತು. ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವಾಗಿದ್ದು.

ಅದಕ್ಕೇ ಹೇಳುವುದು, ಮರ ಅಂತ ನಾವು ಕರೆಯುವ ಎಲ್ಲವೂ ಮರ ಅಲ್ಲ. ಪಾರ್ಟಿಕಲ್ ಬೋರ್ಡು, ಎಂಡಿಎಫ್ ಎರಡೂ ಮರದ ಚೂರು–ನಾರನ್ನು ಅಂಟು ಹಾಕಿ ಒತ್ತಿದ್ದು. ನೀರು ಸಿಕ್ಕರೆ ಒತ್ತಿದ್ದು ಬಿಚ್ಚಿಕೊಳ್ಳುತ್ತದೆ, ಮತ್ತೆ ಸೇರಿಕೊಳ್ಳುವುದಿಲ್ಲ. ಇಡೀ ಮರದ ಪಟ್ಟಿ ಉಬ್ಬಿದರೂ ಒಣಗಿದ ಮೇಲೆ ಹೆಚ್ಚುಕಡಿಮೆ ಹಿಂದಿನ ಅಳತೆಗೆ ಬರುತ್ತದೆ. ನಿಮ್ಮದು ಪಟ್ಟಿ, ಒಳ್ಳೆಯದಾಯಿತು.

ಪಟ್ಟಿಗಳನ್ನು ಒಮ್ಮೆ ತಿರುಗಿಸಿ ನೋಡಿ. ಒಂದೇ ಪಟ್ಟಿಯಲ್ಲಿ ಒಂದು ಕಡೆ ಕಡು ಬಣ್ಣ, ಇನ್ನೊಂದು ಕಡೆ ಬಿಳಿಚಿಕೊಂಡಿದ್ದರೆ ಕಡು ಬಣ್ಣದ್ದು ಚೇಗು, ಬಿಳಿಯದ್ದು ತೊಗಟೆ ಕಡೆಯ ಎಳೆ ಭಾಗ. ಕೊಳೆಗೂ ಹುಳಕ್ಕೂ ಮೊದಲು ಸಿಗುವುದು ಈ ಬಿಳಿಯದ್ದು. ಸಾಗವಾನಿಯ ಹೆಸರು ದೊಡ್ಡದು, ಆದರೆ ಆ ಹೆಸರೆಲ್ಲ ಅದರ ಚೇಗಿನದು. ಸಾಗವಾನಿಯ ಬಿಳಿ ಭಾಗವೂ ಬೇರೆ ಮರದ ಬಿಳಿ ಭಾಗದಷ್ಟೇ ಪುಕ್ಕಲು. ಚೇಗಿನ ಪಟ್ಟಿಗಳನ್ನು ಕೆಳಗೆ, ಕಾಲಿಗೆ ಹಾಕಿ. ಬಿಳಿಯವನ್ನು ಮೇಲೆ, ಲೈಟು ನೇತು ಹಾಕುವಲ್ಲಿ ಹಾಕಿ.

ಕಾಲಿನ ತುದಿಗೆ ಬಣ್ಣವೋ ವಾರ್ನಿಷೋ ಮೂರು ಸಲ ಕುಡಿಸಿ. ಹಚ್ಚಿ ಅನ್ನಲಿಲ್ಲ, ಕುಡಿಸಿ. ಒಂದು ಮುಚ್ಚಳದಲ್ಲಿ ಸುರಿದು ಕಾಲನ್ನು ಅದರಲ್ಲೇ ನಿಲ್ಲಿಸಿ. ಆಮೇಲೆ ಕೆಳಗೆ ರಬ್ಬರ್ ಬೂಟು ಹಾಕಿ, ಆದರೆ ನೀರು ತುಂಬಿಕೊಳ್ಳುವ ಬಟ್ಟಲಿನಂಥ ಬೂಟು ಬೇಡ. ಗೋಡೆಗೂ ಕಪಾಟಿಗೂ ನಡುವೆ ಕೈ ತೂರುವಷ್ಟು ಜಾಗ ಬಿಡಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದ್ದಾಗಿರಲಿ. ಸಾದಾ ಕಬ್ಬಿಣದ್ದು ತೇವಕ್ಕೆ ತುಕ್ಕು ಹಿಡಿದು ಸುತ್ತ ಮರವನ್ನೂ ಕಪ್ಪಾಗಿಸುತ್ತದೆ. ಹಲಗೆ ಕೂರಿಸುವಾಗ ಅಗಲಕ್ಕೆ ಉಸಿರಾಡಲು ಜಾಗ ಬಿಡಿ. 30 ಸೆಂ.ಮೀ. ಅಗಲದ ಹಲಗೆ ಒಣ ಕೋಣೆಯಿಂದ ತೇವದ ಕಪಾಟಿಗೆ ಬಂದರೆ ಹತ್ತಿರಹತ್ತಿರ 5 ಮಿ.ಮೀ. ಅಗಲವಾಗಬಹುದು. ಉದ್ದಕ್ಕೆ ಏನೂ ಆಗದು ಅಂದರೂ ಸರಿ. ಇನ್ನು ಭಾರ. ಒಂದು ಲೀಟರ್ ನೀರು ಒಂದು ಕಿಲೋ. 60 ಸೆಂ.ಮೀ. ಉದ್ದ, 30 ಅಗಲದ ಟ್ರೇಯಲ್ಲಿ ಎರಡೇ ಸೆಂ.ಮೀ. ನೀರು ನಿಂತರೂ ಮೂರೂವರೆ ಕಿಲೋ ದಾಟುತ್ತದೆ, ಅದರ ಮೇಲೆ ಒದ್ದೆ ಮಣ್ಣು. ತೇವ ಏರಿಳಿಯುವ ಜಾಗದಲ್ಲಿ ಮರ ಭಾರಕ್ಕೆ ಮಾಮೂಲಿಗಿಂತ ಜಾಸ್ತಿ ಬಾಗುತ್ತದೆ. ಹಲಗೆಯ ಕೆಳಗೆ, ನಡುಮಧ್ಯೆ ಒಂದು ಪಟ್ಟಿ ಆಸರೆ ಕೊಡಿ.

ನಾನು ಈಗಲೂ ಮಾಡುವ ಒಂದು ಸಣ್ಣ ಕೆಲಸ ಹೇಳುತ್ತೇನೆ. ಕಪಾಟು ಕಟ್ಟಿ ಉಳಿದ ಅದೇ ಮರದ, ಏನೂ ಬಳಿಯದ ಒಂದು ತುಂಡನ್ನು ಓವನ್‌ನಲ್ಲಿ 103 ಡಿಗ್ರಿಯಲ್ಲಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿದೆ. ನಿಂತ ತೂಕ 200 ಗ್ರಾಂ. ಅದನ್ನು ದಾರ ಕಟ್ಟಿ ಕೆಳಗಿನ ಅಂತಸ್ತಿನಲ್ಲಿ, ನೀರು ಸಿಡಿಯದ ಕಡೆ ತೂಗುಹಾಕಿದ್ದೇನೆ. ತಿಂಗಳಿಗೊಮ್ಮೆ ತಕ್ಕಡಿಗೆ ಹಾಕಿ ತೂಕವನ್ನು ಆ ತುಂಡಿನ ಮೈಮೇಲೇ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. 218. 224. 226. ಒಂದು ತಿಂಗಳು ಮಾತ್ರ 236. ಮೇಲಿನ 36 ಗ್ರಾಂ ನೀರು, ಅಂದರೆ ಶೇ. 18. ಫ್ಯಾನಿನ ರೆಕ್ಕೆಗೆ ಧೂಳು ಕಟ್ಟಿ ಅದು ತಿರುಗಿದ ಹಾಗೆ ನಟಿಸುತ್ತಿತ್ತು ಅಷ್ಟೆ. ಒರೆಸಿದೆ, ಮುಂದಿನ ತಿಂಗಳು 225. ಈ ತುಂಡು 240 ತೋರಿಸುವ ತನಕ ನನಗೆ ಕೊಳೆಯ ಭಯ ಇಲ್ಲ.

ಗೆಳೆಯನಿಗೆ ಒಂದು ಮಾತು ಹೇಳಿ. ಪ್ಲಾಸ್ಟಿಕ್ ಕೂಡ ಸಾಚಾ ಏನಲ್ಲ. ಮೆತ್ತನೆಯ ಪಿವಿಸಿಗೆ ಬೆರೆಸುತ್ತಿದ್ದ ಡೈಬ್ಯುಟೈಲ್ ಥಾಲೇಟ್ ಎಂಬ ರಾಸಾಯನಿಕದ ಆವಿಗೆ ಗಾಜಿನ ಮನೆಗಳ ಸಸಿಗಳು ಬಿಳಿಚಿಕೊಂಡು ಸತ್ತದ್ದಿದೆ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಮೇಲಾಗಿ ತಣ್ಣಗಿರುವ ಲೋಹದ ಮೇಲೆ ಮರಕ್ಕಿಂತ ಬೇಗ ನೀರು ಕೂರುತ್ತದೆ.

ಪ್ರಶ್ನೆ: ಕಪಾಟಿಗೆ ಪ್ಲೈವುಡ್ ಹಾಕಿದೆ. ಬಾಗಿಲು ತೆಗೆದರೆ ಕಣ್ಣು ಚುರುಚುರು ಅನ್ನುತ್ತದೆ. ಗಿಡಗಳೇ ಆ ವಿಷ ಹೀರಿಕೊಳ್ಳುತ್ತವೆ, ಚಿಂತೆ ಬೇಡ ಅಂತ ಮಾರಿದವರು ಹೇಳಿದರು. ಹೌದಾ?
— ಕಣ್ಣುಜ್ಜಿಕೊಳ್ಳುತ್ತಾ

ಉತ್ತರ: ಮಾರುವವರ ಬಾಯಲ್ಲಿ ಗಿಡಗಳಿಗೆ ಬಹಳ ಶಕ್ತಿ! ಈ ಮಾತಿಗೆ ಮೂಲ ನಾಸಾದವರು 1989ರಲ್ಲಿ ವರದಿ ಮಾಡಿದ ಒಂದು ಪ್ರಯೋಗ. ಅದನ್ನು ಮಾಡಿದ್ದು ಗಾಳಿ ಆಡದ ಸಣ್ಣ ಪೆಟ್ಟಿಗೆಗಳಲ್ಲಿ. ನಿಜವಾದ ಮನೆಯಲ್ಲಿ ಕಿಟಕಿ ತೆರೆದರೆ ಆಗುವ ಕೆಲಸದ ಮುಂದೆ ಕುಂಡದ ಗಿಡ ಮಾಡುವುದು ಲೆಕ್ಕಕ್ಕಿಲ್ಲ.

ನಿಮ್ಮ ಕಣ್ಣು ಉರಿಸುತ್ತಿರುವುದು ಫಾರ್ಮಾಲ್ಡಿಹೈಡ್ ಇರಬೇಕು. ಒಳಬಳಕೆಯ ಅಗ್ಗದ ಹಲಗೆಗಳನ್ನು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ಕೂಡಿಸಿರುತ್ತಾರೆ. ಬಿಸಿ ಮತ್ತು ತೇವ ಎರಡೂ ಸೇರಿದರೆ ಆ ಅಂಟು ಜಾಸ್ತಿ ಅನಿಲ ಬಿಡುತ್ತದೆ. ಗಿಡದ ಕಪಾಟಿನಲ್ಲಿ ಇರುವುದೇ ಬಿಸಿ ಮತ್ತು ತೇವ, ಅಲ್ವಾ? ಗಿಡಗಳು ಹೇಗೋ ತಡೆದುಕೊಳ್ಳುತ್ತವೆ. ತೊಂದರೆ ಅದೇ ಕೋಣೆಯಲ್ಲಿ ಮಲಗುವವರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಹಲಗೆಗಳನ್ನು ಬಿಚ್ಚಿ, ಮನೆಯ ಹೊರಗೆ ನೆರಳಲ್ಲಿ ಕೆಲವು ವಾರ ಗಾಳಿಗೆ ನಿಲ್ಲಿಸಿ. ಆಮೇಲೆ ಎರಡೂ ಮೈ, ನಾಲ್ಕೂ ಅಂಚು ಬಿಡದೆ ಬಣ್ಣ ಹೊಡೆಯಿರಿ. ಅಂಚು ಬಿಟ್ಟರೆ ಹೊಡೆದದ್ದು ದಂಡ. ಹಾಗೂ ಕಣ್ಣು ಉರಿದರೆ ಅದನ್ನು ಮನೆಯೊಳಗೆ ಇಡಬೇಡಿ. ಮುಂದಿನ ಸಲ ಫೀನಾಲ್ ಅಂಟಿನ, ಕುದಿಯುವ ನೀರಿಗೂ ಬಿಚ್ಚದ ದರ್ಜೆಯ ಪ್ಲೈ ಕೇಳಿ. ಅದರ ಅಂಟಿನ ಗೆರೆ ಕಡು ಕಂದು. ಅಂಚು ನೋಡಿದರೆ ಗೊತ್ತಾಗುತ್ತದೆ. ಇ-1 ಅಥವಾ ಇ-0 ಅಂತ ಗುರುತಿದ್ದರೆ ಅನಿಲ ಕಡಿಮೆ ಬಿಡುವ ಹಲಗೆ ಅಂತ ಅರ್ಥ.

ಪ್ರಶ್ನೆ: ಸಾಮಾನು ಬಂದ ಮರದ ಪ್ಯಾಲೆಟ್‌ಗಳು ಪುಕ್ಕಟೆ ಸಿಕ್ಕಿವೆ. ಬಿಚ್ಚಿ ಅಂತಸ್ತು ಮಾಡಬಹುದೇ?
— ಪುಕ್ಕಟೆ ಅಂದರೆ ಬಿಡದವಳು

ಉತ್ತರ: ಮುದ್ರೆ ಹುಡುಕಿ. ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವ ಪ್ಯಾಲೆಟ್‌ಗಳಿಗೆ 2002ರಲ್ಲಿ ಬಂದ ಅಂತರರಾಷ್ಟ್ರೀಯ ನಿಯಮ ಒಂದಿದೆ. ಹುಳುಗಳು ಮರದ ಜೊತೆ ಪ್ರಯಾಣ ಮಾಡಬಾರದು ಅಂತ. ಪಕ್ಕದ ಹಲಗೆಯಲ್ಲಿ ಗೋಧಿ ತೆನೆಯಂಥ ಚಿತ್ರ, ಅದರ ಹತ್ತಿರ ಎರಡು ಇಂಗ್ಲಿಷ್ ಅಕ್ಷರ ಸುಟ್ಟಿರುತ್ತಾರೆ. ಎಚ್‌ಟಿ ಅಂತಿದ್ದರೆ ಮರದ ಹೊಟ್ಟೆಯ ತನಕ 56 ಡಿಗ್ರಿ ಬಿಸಿಯಲ್ಲಿ 30 ನಿಮಿಷ ಇಟ್ಟದ್ದು, ಹುಳ ಕೊಂದದ್ದು ಬಿಸಿಯಿಂದ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ತರಬೇಡಿ. ಮುದ್ರೆ ಇಲ್ಲದ್ದು ಒಳ್ಳೆಯದೂ ಇರಬಹುದು, ಆದರೆ ಕೇಳಲು ಯಾರೂ ಸಿಗುವುದಿಲ್ಲ.

ಮುದ್ರೆ ಸರಿಯಿದ್ದರೂ ಕಲೆ ನೋಡಿ. ಎಣ್ಣೆ, ಕೀಟನಾಶಕ, ಏನು ಚೆಲ್ಲಿದೆಯೋ! ಕಲೆ ಇದ್ದ ಹಲಗೆ, ಮೂಗಿಗೆ ಹಿಡಿದರೆ ಏನೋ ಘಾಟು ಬರುವ ಹಲಗೆ ಎರಡೂ ಬೇಡ. ಬಿಸಿ ಮಾಡಿದ್ದು ಆಗ ಇದ್ದ ಹುಳ ಸಾಯಲಿ ಅಂತ, ಮುಂದೆ ಬರುವ ಹುಳಕ್ಕಲ್ಲ. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಒಳಗೆ ತರಬೇಡಿ.

ಪ್ರಶ್ನೆ: ಹಳೆಯ ಹೊರಾಂಗಣದ ಕಟ್ಟೆ ಕಿತ್ತಾಗ ಹಸಿರು ಛಾಯೆಯ ಗಟ್ಟಿಮುಟ್ಟಾದ ಮರ ಸಿಕ್ಕಿತು. ಇಪ್ಪತ್ತೈದು ವರ್ಷ ಮಳೆಯಲ್ಲಿದ್ದರೂ ಕೊಳೆತಿಲ್ಲ. ಸೊಪ್ಪಿನ ಪೆಟ್ಟಿಗೆಗೆ ಇದಕ್ಕಿಂತ ಒಳ್ಳೆಯದು ಇದೆಯಾ?
— ಹಳೆಯದರ ಅಭಿಮಾನಿ

ಉತ್ತರ: ಇದೆ. ಬೇರೆ ಯಾವ ಮರವಾದರೂ ಇದಕ್ಕಿಂತ ಒಳ್ಳೆಯದು. ಕೊಳೆಯದಿರಲು ಕಾರಣ ಇದೆಯಲ್ಲ, ಆ ಕಾರಣವೇ ನಿಮ್ಮ ಸೊಪ್ಪಿಗೆ ಬೇಡದ್ದು. ಆ ಹಸಿರು ಬಹುಶಃ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಿಸಿಎ ಎಂಬ ಮದ್ದಿನದು. ಇದನ್ನು 1933ರಲ್ಲಿ ಕಂಡುಹಿಡಿದವರು ಭಾರತದವರೇ ಆದ ಸೋಂಟಿ ಕಾಮೇಶಂ. ಜಗತ್ತಿನ ಎಷ್ಟೋ ಕಂಬ, ಬೇಲಿ, ಸೇತುವೆ ಅದರಿಂದ ಉಳಿದವು. ಆದರೆ ಮರದಿಂದ ಆರ್ಸೆನಿಕ್ ಸ್ವಲ್ಪಸ್ವಲ್ಪವೇ ಮಣ್ಣಿಗೆ ಇಳಿಯುತ್ತದೆ. ಅಮೆರಿಕದಲ್ಲಿ 2003ರ ಕೊನೆಯ ಹೊತ್ತಿಗೆ ಮನೆಬಳಕೆಯ ಬಹುಪಾಲು ಮರಕ್ಕೆ ಇದನ್ನು ನಿಲ್ಲಿಸಿದರು. ನಿಮ್ಮದು ಅದಕ್ಕಿಂತ ಹಳೆಯದು.

ಕಂಬಕ್ಕೆ ಹಾಕಿದ ಮದ್ದು ಕಂಬಕ್ಕೇ ಇರಲಿ. ಗರಗಸ ಹಾಕಬೇಡಿ, ಆ ಪುಡಿ ಮೂಗಿಗೆ ಹೋಗಬಾರದು. ಸುಡಲೇಬೇಡಿ, ಬೂದಿಯಲ್ಲಿ ಆರ್ಸೆನಿಕ್ ಉಳಿಯುತ್ತದೆ. ಹಾಗೆಯೇ ಕಪ್ಪಗೆ ಟಾರಿನ ವಾಸನೆ ಬರುವ ಹಳೆಯ ರೈಲು ಸ್ಲೀಪರ್ ಕೂಡ ಬೇಡ. ಅದಕ್ಕೆ ಕುಡಿಸಿದ ಕ್ರಿಯೋಸೋಟ್‌ನ ಆವಿ ಮುಚ್ಚಿದ ಜಾಗದಲ್ಲಿ ಎಲೆಗಳನ್ನೇ ಸುಡುತ್ತದೆ. ಹಳೆಯ ಬಾಗಿಲಿನ ಬಣ್ಣದ ಬಗ್ಗೆ ಮೂವರು ಕೇಳಿದ್ದಾರೆ. ಅದರಲ್ಲಿ ಸೀಸ ಇರಬಹುದು. ಉಜ್ಜಿ ಪುಡಿ ಎಬ್ಬಿಸುವ ಬದಲು ಆ ಬಾಗಿಲನ್ನು ಗಿಡದ ಕೆಲಸಕ್ಕೆ ಬಿಟ್ಟುಬಿಡಿ.

ಪ್ರಶ್ನೆ: ಮೇಡಂ, ಮರದ ಚೌಕಟ್ಟಿನ ಹಿಂಬದಿ ಬಿಳಿ–ಹಸಿರು ಬೂಷ್ಟು ಬಂದಿದೆ. ಅದೇ ವಾರ ಎಲೆಗಳ ಮೇಲೂ ಬಿಳಿ ಪುಡಿ. ಮರದಿಂದ ಎಲೆಗೆ ಹತ್ತಿತು ಅಂತ ಎಲ್ಲ ಕಿತ್ತು ಹಾಕಬೇಕು ಅಂತಿದ್ದೇನೆ. ಬ್ಲೀಚ್ ಹಾಕಿ ತೊಳೆದೆ, ಹತ್ತು ದಿನಕ್ಕೆ ಮತ್ತೆ ಬಂತು.
— ಸಾಕಾಗಿ ಹೋದವಳು

ಉತ್ತರ: ಕಿತ್ತು ಹಾಕುವ ಮುಂಚೆ ಒಂದು ನಿಮಿಷ. ಎಲೆಯ ಮೇಲಿನ ಬಿಳಿ ಪುಡಿ ಬೂದಿ ರೋಗ ಇರಬೇಕು. ಅದನ್ನು ತರುವ ಶಿಲೀಂಧ್ರ ಬದುಕುವುದು ಜೀವ ಇರುವ ಗಿಡದ ಮೇಲೆ ಮಾತ್ರ. ಸತ್ತ ಮರದಲ್ಲಿ ಅದಕ್ಕೆ ಊಟ ಇಲ್ಲ. ಚೌಕಟ್ಟಿನ ಹಿಂದಿರುವುದು ಬೇರೆಯೇ ಕುಲ. ಇಬ್ಬರಿಗೂ ಗಾಳಿ ಆಡದ ಮೂಲೆ ಇಷ್ಟ, ಅದಕ್ಕೇ ಒಟ್ಟಿಗೆ ಬಂದಿದ್ದಾರೆ. ಹೆದರಬೇಕಾದವನು ಒಬ್ಬ ಇದ್ದಾನೆ, ಬೊಟ್ರೈಟಿಸ್. ಬೂದು ಬಣ್ಣದ ತುಪ್ಪಳ. ಅದು ಸತ್ತದ್ದನ್ನೂ ತಿನ್ನುತ್ತದೆ, ಬದುಕಿದ್ದನ್ನೂ ತಿನ್ನುತ್ತದೆ. ಅದರ ಮನೆ ಮರಕ್ಕಿಂತ ಹೆಚ್ಚಾಗಿ ನೀವು ಹಲಗೆಯ ಸಂದಿಯಲ್ಲಿ ಬಿಟ್ಟ ಉದುರೆಲೆ. ಗುಡಿಸಿದರೆ ಅರ್ಧ ಕೆಲಸ ಮುಗಿಯಿತು.

ಬ್ಲೀಚ್ ಯಾಕೆ ಸೋತಿತು? ಬ್ಲೀಚ್ ಅಂದರೆ ಬಹುಪಾಲು ನೀರೇ. ಕ್ಲೋರಿನ್ ಮೇಲ್ಮೈಯಲ್ಲೇ ಮುಗಿದುಹೋಯಿತು, ನೀರು ಮರದೊಳಗೆ ಇಳಿಯಿತು. ನೀವು ಬೂಷ್ಟಿನ ಬಣ್ಣ ತೆಗೆದು, ಬೇರಿಗೆ ನೀರು ಹಾಕಿದಿರಿ. ಹಾಗಂತ ಅದರ ಜೊತೆ ಬೇರೆ ಕ್ಲೀನರ್, ವಿನೆಗರ್ ಬೆರೆಸಿ ನೋಡಬೇಡಿ, ಉಸಿರು ಕಟ್ಟಿಸುವ ಅನಿಲ ಬರುತ್ತದೆ.

ಚೌಕಟ್ಟನ್ನು ಹೊರಗೆ ತನ್ನಿ. ಒದ್ದೆ ಬಟ್ಟೆಗೆ ಚೂರು ಸೋಪು ಹಾಕಿ ಒರೆಸಿ, ಪುಡಿ ಹಾರದ ಹಾಗೆ. ಬಿಸಿಲಲ್ಲಿ ಪೂರ್ತಿ ಒಣಗಿಸಿ. ಮಾಸ್ಕ್ ಹಾಕಿಕೊಂಡು ಉಪ್ಪುಕಾಗದದಲ್ಲಿ ಉಜ್ಜಿ. ಹೊಸ ಮರದ ಬಣ್ಣ ಕಂಡ ಮೇಲೆ ಬಣ್ಣ ಹೊಡೆಯಿರಿ. ಒಂದು ಚಾಕುವಿನ ಮೊನೆ ಒತ್ತಿ ನೋಡಿ. ಮೊನೆ ಸುಲಭವಾಗಿ ಇಳಿದರೆ ಅದು ಬೂಷ್ಟಲ್ಲ, ಕೊಳೆ. ಆ ಪಟ್ಟಿಯನ್ನು ಬದಲಿಸಬೇಕು. ಇಳಿಯದಿದ್ದರೆ ಇನ್ನೂ ಬಹಳ ವರ್ಷ ಬಾಳುತ್ತದೆ. ಮತ್ತೆ ಕೂರಿಸುವಾಗ ಗೋಡೆಗೆ ತಾಗಿಸಬೇಡಿ. ಹಿಂಬದಿಯಲ್ಲೇ ಬಂತು ಅಂತ ನೀವೇ ಬರೆದಿದ್ದೀರಿ, ನೋಡಿ.

ಪ್ರಶ್ನೆ: ಏನು ಬಳಿಯಲಿ? ಅಗಸೆ ಎಣ್ಣೆ ನೈಸರ್ಗಿಕ, ಗಿಡಕ್ಕೆ ಒಳ್ಳೆಯದು ಅಂತಾರೆ.
— ಕುಂಚ ಕೊಂಡವನು

ಉತ್ತರ: ಕುರ್ಚಿಗೆ ಅಗಸೆ ಎಣ್ಣೆ ಚೆಂದ. ತೇವದ ಕಪಾಟಿಗೆ ನಾನು ಹಾಕುವುದಿಲ್ಲ, ಹಸಿ ಅಗಸೆ ಎಣ್ಣೆ ಬೂಷ್ಟಿಗೂ ಊಟ. ನೀರು ಬೆರೆಸುವ ಬಿಳಿ ಅಕ್ರಿಲಿಕ್ ಬಣ್ಣ ಎರಡು–ಮೂರು ಕೋಟು ಸಾಕು, ಹೊಳಪಿಲ್ಲದ್ದು. ಬೆಳಕಿನ ಬಹುಪಾಲನ್ನು ಅದು ಗಿಡಕ್ಕೇ ವಾಪಸ್ ಎಸೆಯುತ್ತದೆ. ಹೊಳೆಯುವ ಹಾಳೆಯನ್ನು ಸುಕ್ಕುಸುಕ್ಕಾಗಿ ಅಂಟಿಸಿ, ಅದರ ಹಿಂದೆ ನೀರು ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಇದು ನನಗೆ ಇಷ್ಟ. ಪಾಲಿಯುರಿಥೇನ್ ವಾರ್ನಿಷ್ ಇನ್ನೂ ಗಟ್ಟಿ, ಒಣಗಲು ದಿನ ಬೇಕು. ಯಾವುದೇ ಇರಲಿ, ವಾಸನೆ ಪೂರ್ತಿ ಹೋದ ಮೇಲೆ ಗಿಡ ಇಡಿ. ಮಣ್ಣಿಗೆ ನೇರ ತಾಗುವ ಪೆಟ್ಟಿಗೆಗೆ ಬಣ್ಣಕ್ಕಿಂತ ಒಳಗೊಂದು ಪ್ಲಾಸ್ಟಿಕ್ ಟ್ರೇ ವಾಸಿ.

ಎಣ್ಣೆಯನ್ನೇ ಹಚ್ಚುತ್ತೇನೆ ಅಂತ ಹಠ ಇದ್ದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ. ಮುದ್ದೆಯ ನಡುವಿನ ಬಿಸಿ ಹೊರಗೆ ಹೋಗಲಾರದೆ ಬೆಂಕಿ ಹತ್ತುತ್ತದೆ. ಕಡ್ಡಿ ಗೀರಬೇಕಾಗಿಲ್ಲ. ಅಪ್ಪ ಆ ಬಟ್ಟೆಗಳನ್ನು ಹೊರಗೆ, ಒಂದೊಂದಾಗಿ ಬಿಡಿಸಿ ಹಾಕಿ ಒಣಗಿಸುತ್ತಿದ್ದರು. ಚಿಕ್ಕವಳಿದ್ದಾಗ ಕೊಳಕು ಬಟ್ಟೆಗೆ ಇಷ್ಟು ಉಪಚಾರ ಯಾಕೆ ಅಂತ ನಗುತ್ತಿದ್ದೆ.

ಪ್ರಶ್ನೆ: ಲೈಟಿನ ಬಿಸಿಗೆ ಮರ ಹೊತ್ತಿಕೊಳ್ಳುತ್ತಾ?
— ನಿದ್ದೆಗೆಟ್ಟವನು

ಉತ್ತರ: ಎಲ್‌ಇಡಿ ಆದರೆ ಆ ಭಯ ಬಹಳ ಕಡಿಮೆ. ಮರಕ್ಕೆ ಬೆಂಕಿ ಹತ್ತಲು ಸುಮಾರು 250 ಡಿಗ್ರಿ ದಾಟಬೇಕು. ಆದರೆ ವರ್ಷಗಟ್ಟಲೆ ಬಿಸಿ ತಾಗುತ್ತಲೇ ಇದ್ದರೆ ಮರ ಮೆಲ್ಲಗೆ ಕಮರಿ, ಕಡಿಮೆ ಬಿಸಿಗೂ ಹೊತ್ತುವ ಹಾಗೆ ಆಗಬಹುದು. ಅದಕ್ಕೇ ಮರಕ್ಕೆ ಸದಾ ತಾಗುವ ಬಿಸಿ 77 ಡಿಗ್ರಿ ದಾಟಬಾರದು ಅನ್ನುವ ಲೆಕ್ಕ ಇದೆ. ಎಲ್‌ಇಡಿಗೆ ಕರೆಂಟನ್ನು ಹದ ಮಾಡಿ ಕೊಡುವ ಡ್ರೈವರ್ ಪೆಟ್ಟಿಗೆಯ ಪಕ್ಕದ ಮರವನ್ನು ಎರಡು ಗಂಟೆ ಉರಿದ ಮೇಲೆ ಮುಟ್ಟಿ. ಕೈ ಇಟ್ಟು ನಿಲ್ಲಲು ಆಗದಿದ್ದರೆ ಡ್ರೈವರನ್ನು ಹೊರಗೆ ಹಾಕಿ. ಹಳೆಯ ಕಾಲದ ಸೋಡಿಯಂ ದೀಪ ಇದ್ದರೆ ಮರದ ಕಪಾಟಿನೊಳಗೆ ಬೇಡವೇ ಬೇಡ, ಅದರ ಗಾಜಿಗೆ ಕಾಗದ ತಾಗಿದರೂ ಕಮರುತ್ತದೆ.

ನಿಜವಾಗಿ ನಿದ್ದೆ ಕೆಡಬೇಕಾದದ್ದು ನೆಲದ ಮೇಲೆ ಬಿದ್ದಿರುವ ಎಕ್ಸ್‌ಟೆನ್ಷನ್ ಬೋರ್ಡಿಗೆ. ನೀರು ಕೆಳಗೇ ಬರುವುದಲ್ವಾ! ಬೋರ್ಡನ್ನು ಟ್ರೇಗಳಿಗಿಂತ ಎತ್ತರದಲ್ಲಿ, ಕಪಾಟಿನ ಹೊರಗೆ ಬಿಗಿಯಿರಿ. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೆ ಹೋಗುವ ಹಾಗಿರಲಿ, ಹನಿ ಅಲ್ಲೇ ಉದುರುತ್ತದೆ. ಆ ಲೈನಿಗೆ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು, 30 ಮಿಲಿಆಂಪಿಯರ್‌ಗೆ ಬೀಳುವಂಥದ್ದು ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ.

ಪ್ರಶ್ನೆ: ಅದೇ ಕಪಾಟಿನ ಕೆಳಗೆ ಅಣಬೆ ಬೆಳೆಯಲೇ?
— ಆಸೆಬುರುಕಿ

ಉತ್ತರ: ಬೇಡ. ಚಿಪ್ಪು ಅಣಬೆಯ ಊಟವೇ ಮರ. ಅದಕ್ಕೆ ಬೇಕಾದ ತೇವ 85–90. ಮೇಲೆ ಕೊಟ್ಟ ಲೆಕ್ಕ ಮತ್ತೊಮ್ಮೆ ನೋಡಿ. ಅಣಬೆಗೆ ಪ್ಲಾಸ್ಟಿಕ್ಕೋ ಸ್ಟೀಲೋ ಹಾಕಿ, ಬೇರೆ ಕೋಣೆಯಲ್ಲಿ. ಈ ಒಂದು ವಿಷಯದಲ್ಲಿ ಅವರ ಗೆಳೆಯ ಹೇಳಿದ್ದೇ ಸರಿ ಅಂತ ಮೊದಲನೇ ಪ್ರಶ್ನೆ ಕೇಳಿದವರಿಗೂ ತಿಳಿಸಿಬಿಡುತ್ತೇನೆ.

ಪ್ರಶ್ನೆ: ಸಸಿಗಳ ಹೆಸರು ಬರೆದು ಐಸ್‌ಕ್ರೀಂ ಕಡ್ಡಿ ಚುಚ್ಚಿದ್ದೆ. ಮಣ್ಣು ತಾಗಿದ ಕಡೆ ಹತ್ತಿಯಂಥ ಬಿಳಿ ಬೂಷ್ಟು. ಸಸಿ ಸಾಯುತ್ತಾ? ಅಮ್ಮ ಎಲ್ಲಾ ಬಿಸಾಡು ಅಂತಿದ್ದಾರೆ.
— ಆರನೇ ತರಗತಿ

ಉತ್ತರ: ಸಾಯಲ್ಲ ಪುಟ್ಟ. ಒದ್ದೆ ಮಣ್ಣಿನಲ್ಲಿ ಬಿದ್ದ ಮರದ ಕಡ್ಡಿಗೆ ಆಗಬೇಕಾದ್ದೇ ಆಗಿದೆ. ಕಾಡಿನಲ್ಲಿ ದಿನಾ ನಡೆಯುವುದೂ ಇದೇ. ಆ ಬೂಷ್ಟಿಗೆ ಬೇಕಿರುವುದು ಕಡ್ಡಿ, ನಿನ್ನ ಸಸಿ ಅಲ್ಲ. ಆದರೆ ಮಣ್ಣಿನ ಮೇಲ್ಭಾಗ ಯಾವಾಗಲೂ ಒದ್ದೆ ಇದೆ ಅಂತ ಅದು ನಿನಗೆ ಹೇಳುತ್ತಿದೆ, ನೀರು ಸ್ವಲ್ಪ ಕಡಿಮೆ ಮಾಡು. ಕಡ್ಡಿ ತೆಗೆದು ಇನ್ನೊಂದು ತುದಿಗೆ ಹೆಸರು ಬರೆದು ತಿರುಗಿಸಿ ಚುಚ್ಚು. ಪೆನ್ನು ಬೇಡ, ಇಂಕು ಹರಡಿ ಹೋಗುತ್ತದೆ. ಪೆನ್ಸಿಲ್‌ನಲ್ಲಿ ಒತ್ತಿ ಬರೆ. ಸಸಿ ದೊಡ್ಡದಾಗುವ ತನಕ ಕಾಣುತ್ತದೆ, ಅಷ್ಟು ಹೊತ್ತಿಗೆ ಎಲೆ ನೋಡಿಯೇ ಹೆಸರು ಹೇಳುತ್ತೀಯ.